ಬಿಸಿಲು ಬೀಳದ ಹವಳದ ದಿಬ್ಬದಲ್ಲಿ ಮನೆ ನಡೆಸುವವರು ಯಾರು?

2002ರ ಮೇ ತಿಂಗಳಲ್ಲಿ ನಾರ್ವೆಯ ಲೊಫೊಟೆನ್ ದ್ವೀಪಗಳ ಆಚೆ, ಸಮುದ್ರದ ತಳದಲ್ಲಿ ಒಂದು ಹವಳದ ದಿಬ್ಬ ಸಿಕ್ಕಿತು. ರೋಸ್ಟ್ ದಿಬ್ಬ ಅಂತ ಹೆಸರಾಯಿತು. ಹೆಚ್ಚೂಕಡಿಮೆ 35 ಕಿಲೋಮೀಟರ್ ಉದ್ದ, ಕೆಲವು ಕಡೆ 3 ಕಿಲೋಮೀಟರ್ ಅಗಲ. ಇರುವುದು 300ರಿಂದ 400 ಮೀಟರ್ ಆಳದಲ್ಲಿ, ಅದೂ ಆರ್ಕ್ಟಿಕ್ ವೃತ್ತದ ಒಳಗೆ. ಹವಳ ಅಂದ ಕೂಡಲೇ ನಮಗೆ ನೆನಪಾಗುವುದು ಲಕ್ಷದ್ವೀಪದ ತಿಳಿನೀಲಿ ನೀರು, ಇಲ್ಲವೇ ಮುರ್ಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ಹೋಗಿಬಂದ ಸ್ನೇಹಿತರು ವಾಟ್ಸಾಪ್‌ನಲ್ಲಿ ಹಾಕುವ ಫೋಟೋ. ರೋಸ್ಟ್‌ನಲ್ಲಿ ಅದ್ಯಾವುದೂ ಇಲ್ಲ. ಕಗ್ಗತ್ತಲು. ನೀರು ಫ್ರಿಜ್ಜಿನಲ್ಲಿಟ್ಟ ಹಾಗೆ ತಣ್ಣಗೆ. ಆದರೂ ಅಲ್ಲಿ ಹವಳ ಬೆಳೆದಿದೆ, ಅದರ ಸಂದುಗೊಂದುಗಳಲ್ಲಿ ಮೀನು, ಏಡಿ, ಸ್ಪಂಜು, ಹುಳ ಎಲ್ಲ ತುಂಬಿಕೊಂಡಿವೆ.

ಹಾಗಾದರೆ ಊಟ ಎಲ್ಲಿಂದ?

ಬಿಸಿಲಿನ ಹವಳದ ಲೆಕ್ಕ ಸುಲಭ. ಅದರ ಮೈಯೊಳಗೆ ಪುಟ್ಟ ಪಾಚಿಗಳು ಬಾಡಿಗೆಗಿರುತ್ತವೆ. ಅವು ಬಿಸಿಲಲ್ಲಿ ಸಕ್ಕರೆ ಮಾಡಿ ಹವಳಕ್ಕೆ ಕೊಡುತ್ತವೆ. ಹವಳ ಅವುಕ್ಕೆ ಜಾಗ ಕೊಡುತ್ತದೆ, ತನ್ನ ಕಸವನ್ನೇ ಗೊಬ್ಬರವಾಗಿ ಕೊಡುತ್ತದೆ. ತಣ್ಣೀರಿನ ಆಳದ ಹವಳಕ್ಕೆ ಈ ಬಾಡಿಗೆದಾರರಿಲ್ಲ. ಬೆಳಕೇ ಇಲ್ಲದ ಮೇಲೆ ಪಾಚಿ ಇಟ್ಟುಕೊಂಡು ಏನು ಮಾಡುವುದು? ಇದೇನೋ ಅಪರೂಪದ ಸಂಗತಿ ಅಂದುಕೊಳ್ಳಬೇಡಿ. ಹೆಸರಿಟ್ಟಿರುವ ಐದು ಸಾವಿರಕ್ಕೂ ಜಾಸ್ತಿ ಹವಳ ಜಾತಿಗಳಲ್ಲಿ ಸುಮಾರು ಮೂರನೇ ಎರಡು ಭಾಗ 50 ಮೀಟರ್‌ಗಿಂತ ಕೆಳಗೇ ಇರುವಂಥವು. 2024ರ ಜನವರಿಯಲ್ಲಿ ಅಮೆರಿಕದ ಆಗ್ನೇಯ ಕರಾವಳಿಯಾಚೆ ಬ್ಲೇಕ್ ಪ್ರಸ್ಥಭೂಮಿಯ ನಕ್ಷೆ ಹೊರಬಂತು. ಸುಮಾರು 500 ಕಿಲೋಮೀಟರ್ ಉದ್ದ, 110 ಕಿಲೋಮೀಟರ್ ಅಗಲದ ಹರವಿನಲ್ಲಿ 83,908 ದಿಬ್ಬದ ತುದಿಗಳನ್ನು ಎಣಿಸಿದ್ದರು. ನಮಗೆ ಪರಿಚಯವಿರುವ ಬಣ್ಣಬಣ್ಣದ ಹವಳವೇ ಅಲ್ಪಸಂಖ್ಯಾತ ಅನ್ನಬೇಕು.

ಈ ಆಳದ ದಿಬ್ಬಗಳನ್ನು ಕಟ್ಟುವ ಮುಖ್ಯ ಮೇಸ್ತ್ರಿ ಲೊಫೇಲಿಯಾ ಪರ್ಟೂಸಾ ಅನ್ನುವ ಬಿಳಿ ಹವಳ. ಈಗ ಅದನ್ನು ಡೆಸ್ಮೊಫಿಲಮ್ ಪರ್ಟೂಸಮ್ ಅಂತ ಕರೆಯಬೇಕು ಅಂತಾಗಿದೆ. ಚೆನ್ನೈಯನ್ನು ಕಡೇವರೆಗೂ ಮದ್ರಾಸ್ ಅಂತಲೇ ಕರೆಯುತ್ತಿದ್ದ ಅಜ್ಜನ ಹಾಗೆ ನಾನು ಹಳೇ ಹೆಸರಿಗೇ ಅಂಟಿಕೊಳ್ಳುತ್ತೇನೆ. ಲೊಫೇಲಿಯಾಕ್ಕೆ ಊಟ ಮೇಲಿಂದ ಬರುತ್ತದೆ. ಮೇಲ್ನೀರಿನಲ್ಲಿ ಬೆಳೆದು ಸತ್ತ ಪಾಚಿಯ ಚೂರು, ಸಿಗಡಿಯಂಥ ಸಣ್ಣ ಜೀವಿಗಳು, ಅವುಗಳ ಹಿಕ್ಕೆ, ಹೀಗೆ ಮೇಲಿನವರ ಎಂಜಲೇ ಕೆಳಗಿನವರ ಊಟ. ಅದರಲ್ಲೂ ಬಹುಪಾಲು ದಾರಿಯಲ್ಲೇ ಯಾರದೋ ಬಾಯಿಗೆ ಹೋಗುತ್ತದೆ.

ಒಂದು ಅನುಕೂಲ ಇದೆ. ಐರ್ಲೆಂಡಿನ ಪಶ್ಚಿಮಕ್ಕೆ ರಾಕಾಲ್ ಬ್ಯಾಂಕ್ ಹತ್ತಿರ 600 ಮೀಟರ್ ಆಳದ ಹವಳದ ಗುಡ್ಡಗಳ ಬಗ್ಗೆ 2016ರಲ್ಲಿ ಬಂದ ಲೆಕ್ಕಾಚಾರದ ಪ್ರಕಾರ, ಆ ಗುಡ್ಡಗಳ ಎತ್ತರವೇ ಉಬ್ಬರವಿಳಿತದ ನೀರಿಗೆ ಅಡ್ಡ ಬಂದು, ಮೇಲಿನ ನೀರನ್ನು ಊಟದ ಸಮೇತ ಕೆಳಕ್ಕೆ ಎಳೆಯುತ್ತದೆ. ಹವಳ ಕಟ್ಟಿದ ಮನೆಯೇ ಪಂಪ್‌ಸೆಟ್ ಥರ ಕೆಲಸ ಮಾಡುತ್ತದೆ. ಸಾವಿರಾರು ವರ್ಷ ಸತ್ತ ಹವಳದ ಮೇಲೆ ಬದುಕಿರುವ ಹವಳ ಕೂತು ಕೂತು ಎತ್ತರವಾದ ಗುಡ್ಡ ಅದು. ಈ ಸತ್ತ ಹವಳದ ಮಾತನ್ನು ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಆದರೂ ಚಳಿಗಾಲದಲ್ಲಿ ಮೇಲಿನ ನೀರಿನಲ್ಲೇ ಬೆಳೆ ಇರುವುದಿಲ್ಲ. ತಿಂಗಳುಗಟ್ಟಲೆ ಕೆಳಗೆ ಬೀಳುವುದು ಕಮ್ಮಿ. ಇಂಥ ಕಡೆ ಊರಿಗೆ ಊರೇ ಬದುಕಬೇಕಾದರೆ ಬಂದದ್ದರಲ್ಲಿ ಒಂದು ಕಾಳೂ ಹಾಳಾಗಬಾರದು. ಸೂಕ್ಷ್ಮಜೀವಿಗಳ ಕೆಲಸ ಇರುವುದು ಇಲ್ಲಿ. ಬಹಳ ಕಡೆ 'ಆಳದ ಹವಳಕ್ಕೆ ಬ್ಯಾಕ್ಟೀರಿಯಾಗಳೇ ಊಟ ಹಾಕುತ್ತವೆ' ಅಂತ ಬರೆದುಬಿಡುತ್ತಾರೆ. ನನಗೆ ಆ ಮಾತು ಸ್ವಲ್ಪ ಜಾಸ್ತಿಯಾಯಿತು ಅನ್ನಿಸುತ್ತದೆ. ಅವುಗಳನ್ನು ಅಡುಗೆಭಟ್ಟರು ಅನ್ನುವುದಕ್ಕಿಂತ, ರಾತ್ರಿ ಉಳಿದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುವ ಮನೆಯೊಡತಿ ಅಂದರೆ ಸರಿಹೊಂದುತ್ತದೆ. ಹೊರಗಿನಿಂದ ಬರುವ ದಿನಸಿ ಕಮ್ಮಿ. ಇರುವುದನ್ನೇ ತಿರುಗಿಸಿ ತಿರುಗಿಸಿ ಬಳಸುವ ಕಲೆ ಜಾಸ್ತಿ.

ಹತ್ತಿರದಿಂದ ನೋಡೋಣ. ಲೊಫೇಲಿಯಾದ ಒಂದು ಪಾಲಿಪ್ ಅಂದರೆ ಸುಣ್ಣದ ಪುಟ್ಟ ಬಟ್ಟಲು, ಅದರೊಳಗಿಂದ ಹೊರಗೆ ಚಾಚಿದ ಮೆತ್ತನೆಯ ಕೈಗಳು. ಈ ಮೈಯ ಮೇಲೆ ಯಾವಾಗಲೂ ಒಂದು ಪದರ ಲೋಳೆ ಇರುತ್ತದೆ. ಬೆಂಡೆಕಾಯಿ ಹೆಚ್ಚಿದಾಗ ಚಾಕುವಿಗೆ ಅಂಟಿ ಎಳೆ ಎಳೆಯಾಗಿ ಬರುತ್ತದಲ್ಲ, ಆ ಥರದ್ದು. ಮೇಲೆ ಬಿದ್ದ ಹೂಳನ್ನು ಹವಳ ಈ ಲೋಳೆಯಲ್ಲೇ ಸುತ್ತಿ ಜಾರಿಸಿಬಿಡುತ್ತದೆ. ಊಟ ಹಿಡಿಯಲೂ ಅದೇ ಬೇಕು. ದಿನವೂ ಇದಕ್ಕೆ ಖರ್ಚಾಗುವ ಶಕ್ತಿ ಕಮ್ಮಿಯೇನಲ್ಲ. ಊಟಕ್ಕೇ ತತ್ವಾರ ಇರುವ ಜಾಗದಲ್ಲಿ ಒಂದು ಪ್ರಾಣಿ ತಾನು ತಿಂದದ್ದರ ಒಂದು ಪಾಲನ್ನು ಹೀಗೆ ನೀರಿಗೆ ಬಿಡುತ್ತದೆ ಅಂದರೆ ದಂಡ ಅನ್ನಿಸುತ್ತದೆ, ಅಲ್ವಾ?

ದಂಡ ಆಗುವುದಿಲ್ಲ. ರೋಸ್ಟ್ ದಿಬ್ಬದ ಹವಳವನ್ನೇ ಇಟ್ಟುಕೊಂಡು ಮಾಡಿದ ಪ್ರಯೋಗಗಳು 2008ರಲ್ಲಿ ಪ್ರಕಟವಾದವು. ಹವಳ ಬಿಟ್ಟ ಈ ಸಾವಯವ ವಸ್ತು ಸೇರಿದ ನೀರಿನಲ್ಲಿ ಬ್ಯಾಕ್ಟೀರಿಯಾಗಳ ಉಸಿರಾಟ ಏರಿತ್ತು. ಅಂದರೆ ಅವು ಅದನ್ನು ಬೇಗ ಬೇಗ ತಿನ್ನುತ್ತಿದ್ದವು. ಬ್ಯಾಕ್ಟೀರಿಯಾಗಳನ್ನು ಸಣ್ಣ ಜೀವಿಗಳು ತಿನ್ನುತ್ತವೆ, ಅವನ್ನು ಇನ್ನೊಬ್ಬರು. ಲೋಳೆಯಲ್ಲಿ ಹೋದ ಊಟ ಹೀಗೆ ದಿಬ್ಬದ ಪಂಕ್ತಿಗೇ ವಾಪಸ್ ಬಂದು ಸೇರುತ್ತದೆ.

ಇನ್ನೊಂದು ದಾರಿ ಸ್ಪಂಜುಗಳದ್ದು. 2016ರ ಒಂದು ಪ್ರಯೋಗದಲ್ಲಿ ಇಂಗಾಲಕ್ಕೂ ಸಾರಜನಕಕ್ಕೂ ಗುರುತು ಹಾಕಿದ ಹವಳದ ಲೋಳೆಯನ್ನು ತಣ್ಣೀರಿನ ಸ್ಪಂಜುಗಳಿಗೆ ಉಣಿಸಿ ನೋಡಿದರು. ಸ್ಪಂಜು ಅಂದರೆ ಮೈತುಂಬ ತೂತು, ಒಳಗೆಲ್ಲ ಬ್ಯಾಕ್ಟೀರಿಯಾ. ನೀರಲ್ಲಿ ಕರಗಿಹೋದ, ಬೇರೆ ಯಾವ ಪ್ರಾಣಿಗೂ ಬಾಯಲ್ಲಿ ಹಿಡಿಯಲಾಗದ ಲೋಳೆಯನ್ನು ಸ್ಪಂಜು ಹೀರಿಕೊಂಡಿತು. ಆಮೇಲೆ ಅದರಲ್ಲಿ ಒಂದು ಪಾಲನ್ನು ಗಟ್ಟಿ ಚೂರುಗಳಾಗಿ ಹೊರಗೆ ಹಾಕಿತು. ಚೂರಾದರೆ ಹುಳವೂ ತಿನ್ನಬಹುದು, ನಕ್ಷತ್ರಮೀನಿನ ಬಳಗದವರೂ ತಿನ್ನಬಹುದು. ಬಿಸಿಲಿನ ದಿಬ್ಬಗಳಲ್ಲಿ ಇಂಥ ಚಕ್ರ ಇದೆ ಅಂತ 2013ರಲ್ಲೇ ತೋರಿಸಿದ್ದರು. ಕತ್ತಲಲ್ಲೂ ಅದೇ ಚಕ್ರ ತಿರುಗುತ್ತದೆ ಅಂತ ಈಗ ಗೊತ್ತಾಯಿತು. ಮಜ್ಜಿಗೆಯಂತೆ ನೀರಾಗಿ ಹೋಗಿದ್ದನ್ನು ಮತ್ತೆ ಬೆಣ್ಣೆ ಮುದ್ದೆ ಮಾಡಿ ಕೈಗೆ ಕೊಟ್ಟ ಹಾಗೆ.

ಸಾರಜನಕದ ಕತೆ ರೈತರಿಗೆ ಬೇಗ ಅರ್ಥವಾಗುತ್ತದೆ. ತೊಗರಿ, ಹುರುಳಿ ಗಿಡ ಕಿತ್ತರೆ ಬೇರಿನಲ್ಲಿ ಗಂಟುಗಳು ಕಾಣುತ್ತವೆ. ಗಾಳಿಯ ಸಾರಜನಕವನ್ನು ಗಿಡಕ್ಕೆ ಬೇಕಾದ ರೂಪಕ್ಕೆ ತರುವ ಬ್ಯಾಕ್ಟೀರಿಯಾಗಳ ಮನೆ ಅದು. 2015ರಲ್ಲಿ ಜ್ಯಾಕ್ ಮಿಡೆಲ್‌ಬರ್ಗ್ ಮತ್ತು ಜೊತೆಗಾರರು ಲೊಫೇಲಿಯಾದಲ್ಲೂ ಇಂಥ ಕೆಲಸ ನಡೆಯುತ್ತದೆ ಅಂತ ತೋರಿಸಿದರು. ಹವಳದ ಜೊತೆಗಿರುವ ಸೂಕ್ಷ್ಮಜೀವಿಗಳು ನೀರಲ್ಲಿ ಕರಗಿದ ಸಾರಜನಕವನ್ನು ಹಿಡಿಯುತ್ತವೆ. ಹವಳ ಹೊರಹಾಕುವ ಅಮೋನಿಯಾವನ್ನು ಕೆಲವು ಸೂಕ್ಷ್ಮಜೀವಿಗಳು ಉರಿಸಿ, ಆ ಶಕ್ತಿಯಿಂದ ಬೆಳಕಿಲ್ಲದೆಯೇ ಇಂಗಾಲವನ್ನು ಕಟ್ಟಿ ಊಟ ಮಾಡಿಕೊಳ್ಳುತ್ತವೆ. ಹವಳದ ಮೂತ್ರದಿಂದ ಅನ್ನ ಅಂದರೂ ತಪ್ಪಲ್ಲ. ಪ್ರಮಾಣ ಮಾತ್ರ ಸಣ್ಣದು. ಮೇಲಿಂದ ಬೀಳುವ ಊಟಕ್ಕೆ ಇದು ಬದಲಿಯಲ್ಲ, ಬರಗಾಲದಲ್ಲಿ ಕೈ ಹಿಡಿಯುವ ಡಬ್ಬಿಯೊಳಗಿನ ಚಿಲ್ಲರೆ ಕಾಸು.

ಇನ್ನು ಈ ಸೂಕ್ಷ್ಮಜೀವಿಗಳು ಯಾರು ಅಂತ ನೋಡಹೊರಟರೆ ಮಜಾ ಶುರುವಾಗುತ್ತದೆ. ಹವಳದ ಲೋಳೆ, ಸುಣ್ಣದ ಗೂಡು, ಪಕ್ಕದ ನೀರು, ಕೆಳಗಿನ ಕೆಸರು, ಒಂದೊಂದರಲ್ಲೂ ಬೇರೆ ಬೇರೆ ಜನ. ಕೆಂಪು ಮತ್ತು ಬಿಳಿ ಬಣ್ಣದ ಲೊಫೇಲಿಯಾ ಅಕ್ಕಪಕ್ಕ ಬೆಳೆಯುವ ನಾರ್ವೆಯ ಟ್ರೊಂಡ್‌ಹೈಮ್ ಫ್ಯೋರ್ಡ್‌ನಲ್ಲಿ ಎರಡು ಬಣ್ಣಕ್ಕೂ ಬ್ಯಾಕ್ಟೀರಿಯಾಗಳ ಗುಂಪೇ ಬೇರೆ ಅಂತ 2008ರಲ್ಲಿ ಕಂಡಿತು. ಮರುವರ್ಷ ಅಲ್ಲಿಯ ಹವಳದಲ್ಲೇ ಒಂದು ಮೈಕೊಪ್ಲಾಸ್ಮಾ ಸಿಕ್ಕಿತು. ಮೈಕೊಪ್ಲಾಸ್ಮಾ ಅಂದರೆ ನಮಗೆ ನ್ಯುಮೋನಿಯಾ ತರುವ ಬಳಗ. ಹವಳದಲ್ಲಿ ಅದು ರೋಗವೇನೂ ತಂದಂತಿರಲಿಲ್ಲ, ಉಳಿದದ್ದನ್ನು ತಿಂದುಕೊಂಡು ಸುಮ್ನೆ ಇರುವ ನೆಂಟನ ಹಾಗಿತ್ತು.

ನನಗೆ ತುಂಬ ಇಷ್ಟವಾದದ್ದು ಮೆಕ್ಸಿಕೋ ಕೊಲ್ಲಿಯ ಕ್ಯಾಲೊಗಾರ್ಜಿಯಾ ಅನ್ನುವ ಬೀಸಣಿಗೆಯಾಕಾರದ ಹವಳದೊಳಗಿನ ಬ್ಯಾಕ್ಟೀರಿಯಾ. ಅಮೆರಿಕದ ಲೀಹೈ ವಿಶ್ವವಿದ್ಯಾಲಯದ ಸ್ಯಾಮುಯೆಲ್ ವೋಸೆನ್, ಸ್ಯಾಂಟಿಯಾಗೊ ಹೆರೆರಾ ಮತ್ತಿತರರು 2024ರಲ್ಲಿ ಅದರ ವಿವರ ಕೊಟ್ಟರು. ಓಷಿಯನೊಪ್ಲಾಸ್ಮಾ ಅಂತ ಹೆಸರು. ಅದರಲ್ಲಿ ಪ್ರೋಟೀನ್ ಮಾಡುವ ಜೀನ್‌ಗಳು ಬರೀ 359. ನಮ್ಮ ಕರುಳಿನ ಇ. ಕೋಲೈ (E. coli) ಬ್ಯಾಕ್ಟೀರಿಯಾದಲ್ಲಿ ನಾಲ್ಕು ಸಾವಿರಕ್ಕೂ ಜಾಸ್ತಿ ಇವೆ. ಸಕ್ಕರೆ ಅರಗಿಸುವ ವ್ಯವಸ್ಥೆಯನ್ನೇ ಇದು ಕಳಚಿಟ್ಟಿದೆ. ಶಕ್ತಿಗೆ ಆರ್ಜಿನೀನ್ ಎಂಬ ಒಂದೇ ಅಮೈನೋ ಆಮ್ಲ ಸಾಕು, ಅದನ್ನೂ ಹವಳವೇ ಕೊಡಬೇಕು. ಪಾತ್ರೆಪಗಡೆ ಎಲ್ಲ ಮಾರಿ ಹೋಟೆಲ್ ಊಟಕ್ಕೆ ಒಗ್ಗಿಕೊಂಡವನ ಥರ.

ಬದಲಿಗೆ ಅದು ಹವಳಕ್ಕೆ ಏನು ಕೊಡುತ್ತದೆ? ಅದರ ಜೊತೆಯಲ್ಲೇ ಸಿಕ್ಕ ಇನ್ನೊಂದು ನೆಂಟ ಬ್ಯಾಕ್ಟೀರಿಯಾದಲ್ಲಿ ವೈರಸ್‌ಗಳ ಡಿಎನ್ಎ ಕತ್ತರಿಸುವ ಅಸ್ತ್ರಗಳಿವೆ, ಇವು ಮನೆಗೆ ಕಾವಲುಗಾರರಾಗಿರಬಹುದು ಅನ್ನುವುದು ಒಂದು ಊಹೆ. ಊಹೆ ಅನ್ನುವ ಪದಕ್ಕೆ ಒತ್ತು ಕೊಟ್ಟು ಓದಿ. ಈ ವಿಷಯದಲ್ಲಿ ಬರುವ ಬಹಳಷ್ಟು ಸುದ್ದಿ ಡಿಎನ್ಎ ಪಟ್ಟಿಯ ಮೇಲೆ ನಿಂತಿರುತ್ತದೆ. ಯಾರ್ಯಾರು ಮನೆಯಲ್ಲಿದ್ದಾರೆ ಅಂತ ರೇಷನ್ ಕಾರ್ಡ್ ನೋಡಿದರೆ ಗೊತ್ತಾಗುತ್ತದೆ. ಯಾರು ದುಡಿಯುತ್ತಾರೆ, ಯಾರು ಕೂತು ತಿನ್ನುತ್ತಾರೆ, ಯಾರು ಡಬ್ಬಿಗೆ ಕೈ ಹಾಕುತ್ತಾರೆ ಅನ್ನುವುದು ಕಾರ್ಡಿನಲ್ಲಿ ಬರೆದಿರುವುದಿಲ್ಲ.

ಕತ್ತಲಲ್ಲಿ ಇನ್ನೊಂದು ಒಗಟಿದೆ. ಕೊರಾಲಿಕೊಲಿಡ್ ಅಂತ ಒಂದು ಏಕಕೋಶ ಜೀವಿ, ಮಲೇರಿಯಾ ತರುವ ಜೀವಿಯ ದೂರದ ದಾಯಾದಿ, ಜಗತ್ತಿನ ಎಷ್ಟೋ ಹವಳಗಳ ಮೈಯಲ್ಲಿದೆ. 2019ರಲ್ಲಿ ಗೊತ್ತಾದದ್ದು ಏನೆಂದರೆ, ಇದಕ್ಕೆ ಬೆಳಕಿನಿಂದ ಊಟ ಮಾಡಿಕೊಳ್ಳುವ ಯಂತ್ರ ಇಲ್ಲ, ಆದರೆ ಗಿಡದ ಹಸಿರು ಬಣ್ಣ ಮಾಡುವ ಜೀನ್‌ಗಳು ಮಾತ್ರ ಇವೆ. ಒಲೆ ಇಲ್ಲ, ಊದುಗೊಳವೆ ಇಟ್ಟುಕೊಂಡಿದೆ! ಮರುವರ್ಷ ಬೆಳಕೇ ಮುಟ್ಟದ ಆಳದ ಹವಳಗಳಲ್ಲೂ ಇದು ಸಿಕ್ಕಿತು, ಅಲ್ಲೂ ಆ ಜೀನ್‌ಗಳನ್ನು ಬಿಟ್ಟಿರಲಿಲ್ಲ. ಹಾಗಾದರೆ ಆ ಬಣ್ಣ ಮಾಡುವ ದಾರಿಗೆ ಬೆಳಕಿಗೆ ಸಂಬಂಧವಿಲ್ಲದ ಬೇರೇನೋ ಉಪಯೋಗ ಇರಲೇಬೇಕು.

ಇದೆಲ್ಲ ಕುತೂಹಲದ ಮಾತಾಯಿತು. ಉಪಯೋಗಕ್ಕೆ ಬರುವ ಮಾತು ಮೆಡಿಟರೇನಿಯನ್ ಸಮುದ್ರದಿಂದ ಬಂದಿದೆ. ಅಲ್ಲಿ ಆಳದ ನೀರು ಸುಮಾರು 13 ಡಿಗ್ರಿ, ತಣ್ಣೀರಿನ ಹವಳ ತಡೆದುಕೊಳ್ಳುವ ಮಿತಿಯ ಹತ್ತಿರ. ಅಲ್ಲಿಯ ಲೊಫೇಲಿಯಾ ಮತ್ತು ಮದ್ರೆಪೋರಾ ಎಂಬ ಎರಡು ಹವಳಗಳನ್ನು ತೊಟ್ಟಿಯಲ್ಲಿಟ್ಟು ನೀರಿನ ಬಿಸಿ ಏರಿಸಿ ನೋಡಿದರು. ಎರಡೇ ಡಿಗ್ರಿ ಏರಿಸಿದಾಗ ಲೊಫೇಲಿಯಾದ ಬ್ಯಾಕ್ಟೀರಿಯಾಗಳ ಗುಂಪು ಮೊದಲು ಬದಲಾಯಿತು. ಹವಳದ ನಡವಳಿಕೆ ಬದಲಾಗಿದ್ದು ಆಮೇಲೆ. ಅದಾದ ಮೇಲೆ ಮೈಯಲ್ಲಿನ ಶಕ್ತಿಯ ಗಂಟು ಕರಗಿತು, ಬೆಳವಣಿಗೆ ಕುಂಠಿತವಾಯಿತು. ಮದ್ರೆಪೋರಾ ಅಷ್ಟು ಬೇಗ ಬಗ್ಗಲಿಲ್ಲ. ನಾಲ್ಕು ಡಿಗ್ರಿ ಏರಿಸಿದಾಗ ಮಾತ್ರ ಎರಡೂ ತಮ್ಮ ತಮ್ಮ ಬ್ಯಾಕ್ಟೀರಿಯಾಗಳ ಗುರುತನ್ನು ಬೇಗ ಕಳೆದುಕೊಂಡು, ಸುಸ್ತಾಗಿ, ಸತ್ತವು. ಹವಳ ನೋಡಲು ಚೆನ್ನಾಗಿಯೇ ಇರುವಾಗ ಅದರ ಮೈಮೇಲಿನ ಜನ ಆಗಲೇ ಗಂಟುಮೂಟೆ ಕಟ್ಟಿರುತ್ತಾರೆ. ಕ್ಯಾಮೆರಾ ಇಳಿಸಿ 'ಹವಳ ಬೆಳ್ಳಗೆ ಚೆನ್ನಾಗಿದೆ' ಅಂತ ವರದಿ ಬರೆಯುವುದು ಎಷ್ಟು ತಡವಾದ ಪರೀಕ್ಷೆ ಅಂತ ಇದರಿಂದ ಗೊತ್ತಾಗುತ್ತದೆ.

ಈಗ ಸತ್ತ ಹವಳದ ಮಾತಿಗೆ ಬರುತ್ತೇನೆ. ನನ್ನ ಪ್ರಕಾರ ಇಡೀ ವಿಷಯದ ಗಂಟು ಇಲ್ಲಿದೆ.

ಲೊಫೇಲಿಯಾ ದಿಬ್ಬದಲ್ಲಿ ಜೀವ ಇರುವುದು ಹೊರಗಿನ ತುದಿಗಳಲ್ಲಿ ಮಾತ್ರ. ಅದರ ಕೆಳಗೆ ಎಲ್ಲ ಸತ್ತ ಹವಳದ ಕೊಂಬೆಗಳು, ಅವುಗಳ ನಡುವೆ ಸಿಕ್ಕಿಕೊಂಡ ಹೂಳು, ಇನ್ನೂ ಕೆಳಗೆ ಪುಡಿಯಾದ ಸುಣ್ಣ, ಕೆಸರು. ಸ್ಪಂಜು ಕೂರುವುದು, ಹುಳ ಬಿಲ ಮಾಡುವುದು, ಮೀನು ಅಡಗುವುದು, ಬ್ಯಾಕ್ಟೀರಿಯಾ ಪೊರೆ ಕಟ್ಟುವುದು ಹೆಚ್ಚಾಗಿ ಈ ಸತ್ತ ಭಾಗದಲ್ಲಿ. ನಮ್ಮ ಹಳ್ಳಿಮನೆಯ ಹಿತ್ತಿಲ ತಿಪ್ಪೆಯನ್ನು ನೆನಪು ಮಾಡಿಕೊಳ್ಳಿ. ಮನೆಗೆ ಬಂದ ನೆಂಟರು ಜಗುಲಿ ನೋಡುತ್ತಾರೆ, ಗದ್ದೆಯ ಮುಂದಿನ ಬೆಳೆ ನಿಂತಿರುವುದು ತಿಪ್ಪೆಯ ಮೇಲೆ.

ಈ ಗುಡ್ಡಗಳ ಹೊಟ್ಟೆಯಲ್ಲಿ ಏನಿದೆ ಅನ್ನುವುದಕ್ಕೆ ಒಂದು ಒಳ್ಳೆ ಪತ್ತೇದಾರಿ ಕತೆಯೇ ಇದೆ. ಐರ್ಲೆಂಡಿನ ನೈಋತ್ಯಕ್ಕೆ ಪೋರ್ಕ್ಯುಪೈನ್ ಸೀಬೈಟ್ ಎಂಬಲ್ಲಿ ಚಾಲೆಂಜರ್ ಮೌಂಡ್ ಅಂತ ಒಂದು ಗುಡ್ಡ, 155 ಮೀಟರ್ ಎತ್ತರ. ಇಂಥ ಗುಡ್ಡಗಳು ಯಾಕೆ ಕೆಲವು ಕಡೆ ಮಾತ್ರ ಏಳುತ್ತವೆ ಅನ್ನುವುದಕ್ಕೆ ನಾರ್ವೆಯ ಭೂವಿಜ್ಞಾನಿ ಮಾರ್ಟಿನ್ ಹೋವ್‌ಲ್ಯಾಂಡ್ ಒಂದು ಉತ್ತರ ಕೊಟ್ಟಿದ್ದರು. ತಳದಿಂದ ಮೀಥೇನ್‌ನಂಥ ಅನಿಲ ಒಸರುತ್ತದೆ, ಅದನ್ನು ಬ್ಯಾಕ್ಟೀರಿಯಾಗಳು ತಿನ್ನುತ್ತವೆ, ಆ ಸರಪಳಿಯ ಮೇಲೆ ಹವಳ ಬೆಳೆಯುತ್ತದೆ ಅನ್ನುವ ವಾದ. ಸರಳ, ಸುಂದರ. ಇದು ನಿಜವಾಗಿದ್ದರೆ ಬ್ಯಾಕ್ಟೀರಿಯಾವನ್ನು ಅಡುಗೆಭಟ್ಟ ಅಂತಲೇ ಕರೆಯಬಹುದಿತ್ತು. ತೈಲ ಕಂಪನಿಗಳಿಗೂ ಕುತೂಹಲ ಹುಟ್ಟಿಸುವಂಥ ಮಾತು, ಹವಳ ಕಂಡಲ್ಲಿ ಕೆಳಗೆ ಗ್ಯಾಸ್ ಇರಬಹುದಲ್ಲ!

2005ರಲ್ಲಿ ಜಾಯ್ಡೆಸ್ ರೆಸಲ್ಯೂಷನ್ ಎಂಬ ಕೊರೆಯುವ ಹಡಗು ಹೋಗಿ ಗುಡ್ಡವನ್ನು ತುದಿಯಿಂದ ಬುಡದವರೆಗೆ ಕೊರೆಯಿತು. ಕೊಳವೆಯಲ್ಲಿ ಬಂದ ಮಣ್ಣಿನಲ್ಲಿ ಮೇಲಿಂದ ಕೆಳಗೆ ಲೊಫೇಲಿಯಾ ಚೂರುಗಳು. ಬುಡದ ವಯಸ್ಸು ಸುಮಾರು 26 ಲಕ್ಷ ವರ್ಷ. ಗುಡ್ಡ ಹುಟ್ಟಿದ್ದು ಅನಿಲದ ಒಸರಿನಿಂದ ಅನ್ನುವುದಕ್ಕೆ ಬುಡದಲ್ಲಿ ಸಾಕ್ಷಿ ಸಿಗಲಿಲ್ಲ. ಹೋವ್‌ಲ್ಯಾಂಡ್ ವಾದ ಈ ಗುಡ್ಡಕ್ಕಂತೂ ಅನ್ವಯಿಸಲಿಲ್ಲ. ಆದರೆ ಸೂಕ್ಷ್ಮಜೀವಿಗಳು ಇದ್ದವು. ಗುಡ್ಡದ ಉದ್ದಕ್ಕೂ. ಹೂತುಹೋದ ಹಳೇ ಊಟವನ್ನು ನಿಧಾನವಾಗಿ ಅರಗಿಸುತ್ತ, ಆಮ್ಲಜನಕ ಇಲ್ಲದ ಕಡೆ ಸಮುದ್ರದ ನೀರಿನ ಸಲ್ಫೇಟ್ ಉಸಿರಾಡುತ್ತ. ಈ ಉಸಿರಾಟ ಕೆಸರಿನ ರಸಾಯನವನ್ನೇ ಬದಲಿಸುತ್ತದೆ. ಒಂದು ಪದರದಲ್ಲಿ ಹವಳದ ಸುಣ್ಣ ಕರಗುತ್ತದೆ, ಇನ್ನೊಂದು ಪದರದಲ್ಲಿ ಅದೇ ಸುಣ್ಣ ಗಟ್ಟಿಯಾಗಿ ಕೆಸರನ್ನು ಗಾರೆಯಂತೆ ಬೆಸೆಯುತ್ತದೆ. ಗುಡ್ಡ ಕಟ್ಟಿದ್ದು ಹವಳ, ಸರಿ. ಲಕ್ಷಾಂತರ ವರ್ಷ ಅದು ನಿಂತೇ ಇರಬೇಕೋ ಕುಸಿಯಬೇಕೋ ಅನ್ನುವುದರಲ್ಲಿ ಈ ಗಾರೆ ಕೆಲಸದವರ ಕೈಯೂ ಇದೆ.

ಸತ್ತ ಭಾಗಕ್ಕೆ ಬಂದಿರುವ ದೊಡ್ಡ ಕುತ್ತು ಇಂಗಾಲದ ಡೈಆಕ್ಸೈಡ್. ಸಮುದ್ರ ಅದನ್ನು ಹೀರಿದಷ್ಟೂ ನೀರಿನ ಹುಳಿ ಏರುತ್ತದೆ, ಹವಳದ ಅರಗೊನೈಟ್ ಸುಣ್ಣ ಕರಗುವ ಮಟ್ಟ ಮೇಲಮೇಲಕ್ಕೆ ಬರುತ್ತದೆ. 2006ರ ಒಂದು ಅಂದಾಜಿನ ಪ್ರಕಾರ ದಿಬ್ಬ ಕಟ್ಟುವ ಆಳದ ಹವಳಗಳ ಗೊತ್ತಿರುವ ನೆಲೆಗಳಲ್ಲಿ ಸುಮಾರು 70 ಪರ್ಸೆಂಟ್ 2099ರ ಹೊತ್ತಿಗೆ ಇಂಥ ಕರಗಿಸುವ ನೀರಿನಲ್ಲಿರುತ್ತವೆ. ಜೀವ ಇರುವ ಹವಳ ತನ್ನ ಸುಣ್ಣವನ್ನು ಮಾಂಸದ ಹೊದಿಕೆಯಿಂದ ಮುಚ್ಚಿಕೊಂಡಿರುತ್ತದೆ, ಹೆಣಗಿ ಬೆಳೆಯಲೂಬಹುದು. ಬೆತ್ತಲೆ ನಿಂತ ಸತ್ತ ಕೊಂಬೆಗೆ ಯಾವ ರಕ್ಷಣೆಯೂ ಇಲ್ಲ. ವಯಸ್ಸಾದವರ ಮೂಳೆಯ ಹಾಗೆ ಅದು ತೂತುತೂತಾಗುತ್ತದೆ. 2020ರಲ್ಲಿ ಸೆಬಾಸ್ಟಿಯನ್ ಹೆನಿಗೆ ಮತ್ತು ಜೊತೆಗಾರರು ಇದಕ್ಕೆ 'ಕೋರಲ್‌ಪೊರೋಸಿಸ್' ಅಂತಲೇ ಹೆಸರಿಟ್ಟರು. ಅದರ ಜೊತೆಗೆ ಸುಣ್ಣ ಕೊರೆಯುವ ಶಿಲೀಂಧ್ರ, ಬ್ಯಾಕ್ಟೀರಿಯಾ, ಸ್ಪಂಜುಗಳು ಒಳಗಿನಿಂದ ಗೆದ್ದಲಿನ ಕೆಲಸ ಮಾಡುತ್ತವೆ. ಬುಡ ಪುಡಿಯಾದರೆ ಮೇಲಿರುವ ಜೀವಂತ ಹವಳವೂ ಉರುಳುತ್ತದೆ. ಸೂಕ್ಷ್ಮಜೀವಿ ಅಂದರೆ ಬರೀ ಉಪಕಾರಿ ಅಂದುಕೊಂಡವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇದಕ್ಕಿಂತ ಕಹಿ ಉದಾಹರಣೆ ಡೀಪ್‌ವಾಟರ್ ಹೊರೈಜನ್ ಎಂಬ ತೈಲ ಕೊರೆಯುವ ವೇದಿಕೆಯದ್ದು. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಅದು ಕೊರೆಯುತ್ತಿದ್ದ ಬಾವಿ ಸ್ಫೋಟಿಸಿ 11 ಜನ ಸತ್ತರು, 87 ದಿನ ಎಣ್ಣೆ ಹರಿಯಿತು. ಆಗ ಎಲ್ಲೆಡೆ ಒಂದು ಸಮಾಧಾನದ ಮಾತು ಕೇಳಿಬಂತು, ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳು ಸಮುದ್ರವನ್ನು ಸ್ವಚ್ಛ ಮಾಡುತ್ತವೆ ಅಂತ. ತಿಂದದ್ದು ನಿಜ. ಆದರೆ ತಿನ್ನುವಾಗ ಅವು ಅಂಟು ಲೋಳೆ ಬಿಡುತ್ತವೆ. ಆ ಲೋಳೆ ಎಣ್ಣೆಯನ್ನೂ ಸತ್ತ ಪಾಚಿಯನ್ನೂ ಸೇರಿಸಿ ಉಂಡೆ ಕಟ್ಟಿತು. ಉಂಡೆ ಭಾರವಾಗಿ ತಳಕ್ಕೆ ಇಳಿಯಿತು. ಅದೇ ವರ್ಷ ನವೆಂಬರ್‌ನಲ್ಲಿ, ಬಾವಿಯಿಂದ 11 ಕಿಲೋಮೀಟರ್ ದೂರ, 1,370 ಮೀಟರ್ ಆಳದಲ್ಲಿ, ಬೀಸಣಿಗೆ ಹವಳಗಳ ಮೇಲೆ ಕಂದು ಬಣ್ಣದ ಗಸಿ ಮುಚ್ಚಿಕೊಂಡಿದ್ದು ಕಂಡಿತು. ಹವಳಗಳಲ್ಲಿ ಕೆಲವು ಸತ್ತಿದ್ದವು, ಕೆಲವು ಲೋಳೆ ಸುರಿಸುತ್ತಿದ್ದವು. ಮೇಲೆ ನೀರು ತಿಳಿಯಾಯಿತು ಅಂತ ನಾವು ಖುಷಿಪಟ್ಟಿದ್ದು ಕೆಳಗಿನವರ ತಲೆಮೇಲೆ ಬಿದ್ದಿತ್ತು. ಊಟ ಇಳಿಯುವ ದಾರಿಯಲ್ಲೇ ವಿಷವೂ ಇಳಿಯುತ್ತದೆ.

ಎಲ್ಲ ಕಡೆ ಹವಳ ಇಷ್ಟು ಸೂಕ್ಷ್ಮ ಅಂತಲೂ ಅಲ್ಲ. ಅಂಗೋಲಾ ಕರಾವಳಿಯಾಚೆ 330ರಿಂದ 470 ಮೀಟರ್ ಆಳದಲ್ಲಿ, ಲೊಫೇಲಿಯಾಕ್ಕೆ ಸಾಲುವುದೇ ಇಲ್ಲ ಅಂದುಕೊಂಡಿದ್ದಷ್ಟು ಕಮ್ಮಿ ಆಮ್ಲಜನಕದಲ್ಲಿ ದೊಡ್ಡ ದಿಬ್ಬಗಳಿವೆ. ಅಲ್ಲಿ ಊಟ ಹೇರಳ, ಅದಕ್ಕೇ ಉಸಿರಿನ ಕೊರತೆಯನ್ನು ಹೇಗೋ ತೂಗಿಸಿಕೊಂಡಿವೆ ಅನ್ನುತ್ತಾರೆ. ಕೆಂಪು ಸಮುದ್ರದ ಆಳದಲ್ಲಿ ನೀರು 20 ಡಿಗ್ರಿಗೂ ಜಾಸ್ತಿ, ಅಲ್ಲೂ ಪಾಚಿಯಿಲ್ಲದ ಹವಳಗಳಿವೆ, ಅವುಗಳ ಬ್ಯಾಕ್ಟೀರಿಯಾಗಳ ಗುಂಪು ಒಂದೊಂದಕ್ಕೂ ಬೇರೆ.

ಇದನ್ನು ಓದುವಾಗ ನನ್ನ ಮನಸ್ಸು ನಮ್ಮ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಅಲ್ಲಿ ಸುಮಾರು 150 ಮೀಟರ್‌ನಿಂದ 1,000 ಮೀಟರ್‌ವರೆಗೆ ಜಗತ್ತಿನ ಅತಿ ದಪ್ಪದ ಕಮ್ಮಿ ಆಮ್ಲಜನಕದ ಪದರಗಳಲ್ಲಿ ಒಂದಿದೆ. ಅಲ್ಲಿಯ ಬ್ಯಾಕ್ಟೀರಿಯಾಗಳು ನೈಟ್ರೇಟ್ ಉಸಿರಾಡಿ ಸಾರಜನಕವನ್ನು ಅನಿಲ ಮಾಡಿ ಬಿಡುತ್ತವೆ. ಮಳೆಗಾಲದಲ್ಲಿ ಈ ಉಸಿರುಗಟ್ಟುವ ನೀರು ಕಾರವಾರ, ಮಂಗಳೂರು ಕರಾವಳಿಯ ಹತ್ತಿರಕ್ಕೂ ಏರಿಬರುತ್ತದೆ. ನಮ್ಮ ಸುತ್ತಲ ಆಳದಲ್ಲೂ ಹವಳ ಇದೆ ಅನ್ನುವುದು ಹೊಸ ಸುದ್ದಿಯಲ್ಲ. ಇನ್ವೆಸ್ಟಿಗೇಟರ್ ಎಂಬ ಸರ್ವೆ ಹಡಗು ಬಲೆ ಎಳೆದು ತಂದ ಆಳದ ಹವಳಗಳ ವಿವರವನ್ನು ಆಲ್ಫ್ರೆಡ್ ಆಲ್ಕಾಕ್ 1898ರಲ್ಲೇ ಬರೆದಿಟ್ಟಿದ್ದಾರೆ. ಆಲ್ಕಾಕ್ ಆ ಹಡಗಿನ ಡಾಕ್ಟರೂ ಹೌದು, ಜೀವಿಶಾಸ್ತ್ರಜ್ಞರೂ ಹೌದು. ಆ ಕಾಲದಲ್ಲಿ ಲೋಳೆ ತೊಳೆದು, ಸುಣ್ಣದ ಗೂಡನ್ನು ಒಣಗಿಸಿ ಕಪಾಟಿಗೆ ಸೇರಿಸುತ್ತಿದ್ದರು. ಇವತ್ತು ಬೇಕಾಗಿರುವುದು ಆ ತೊಳೆದು ಹಾಕಿದ ಲೋಳೆ.

ಹಾಗೆ ಬೇಕು ಅನ್ನುವವರು ವಿಜ್ಞಾನಿಗಳು ಮಾತ್ರ ಅಲ್ಲ. ಆಳದ ಸೂಕ್ಷ್ಮಜೀವಿಗಳ ಜೀನ್‌ಗಳಲ್ಲಿ ಔಷಧ, ಕಿಣ್ವ ಹುಡುಕುವವರಿದ್ದಾರೆ. ಯಾವ ದೇಶಕ್ಕೂ ಸೇರದ ನೀರಿನಿಂದ ತಂದ ಜೀನ್ ಯಾರದ್ದು, ಲಾಭದಲ್ಲಿ ಪಾಲು ಯಾರಿಗೆ ಅನ್ನುವುದು ಹೈ ಸೀಸ್ ಒಪ್ಪಂದದಲ್ಲಿ ತುಂಬ ಜಗ್ಗಾಡಿದ ವಿಷಯ. 2023ರಲ್ಲಿ ಅಂಗೀಕಾರವಾದ ಆ ಒಪ್ಪಂದಕ್ಕೆ ಭಾರತ 2024ರಲ್ಲಿ ಸಹಿ ಹಾಕಿತು, 2026ರ ಜನವರಿ 17ರಂದು ಅದು ಜಾರಿಗೆ ಬಂತು. ಜೀನ್‌ಗೆ ಪಾಲು ಕೇಳುವಷ್ಟು ಜೋರಾಗಿ ಜೀನ್ ಇರುವ ಮನೆಯನ್ನು ಕಾಯಿರಿ ಅನ್ನುವ ದನಿ ಕೇಳುತ್ತಿಲ್ಲ ಅನ್ನುವುದು ನನ್ನ ತಕರಾರು.

ಮನೆ ಮುರಿಯುವುದರಲ್ಲಿ ಇಂದಿಗೂ ಮುಂದಿರುವುದು ಟ್ರಾಲ್ ಬಲೆ. ಮಲ್ಪೆ ಬಂದರಿನಲ್ಲಿ ಟ್ರಾಲ್ ಬೋಟ್‌ನ ಹಿಂಭಾಗದಲ್ಲಿ ನೇತಾಡುವ, ಬಾಗಿಲಿನಂಥ ಭಾರದ ಹಲಗೆಗಳನ್ನು ನೋಡಿದವರಿಗೆ ಅದು ತಳದಲ್ಲಿ ಎಳೆದುಕೊಂಡು ಹೋದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಆಳ ಸಮುದ್ರದ ಟ್ರಾಲರ್‌ಗಳದ್ದು ಅದರ ದೊಡ್ಡಪ್ಪ. ನಾರ್ವೆಯ ಹವಳದ ಪ್ರದೇಶದಲ್ಲಿ 30ರಿಂದ 50 ಪರ್ಸೆಂಟ್ ಟ್ರಾಲಿಂಗ್‌ನಿಂದ ಹಾಳಾಗಿದೆ ಅಥವಾ ಪೆಟ್ಟು ತಿಂದಿದೆ ಅಂತ 2002ರಲ್ಲೇ ಅಂದಾಜು ಮಾಡಿದ್ದರು. ಬಲೆ ಎಬ್ಬಿಸುವ ಹೂಳು ದೂರದ ಹವಳದ ಮೇಲೂ ಬೀಳುತ್ತದೆ, ಅದನ್ನು ತೊಳೆಯಲು ಮತ್ತೆ ಲೋಳೆ, ಮತ್ತೆ ಖರ್ಚು. ಕೊಂಬೆಗಳ ಕಾಡು ಪುಡಿಯಾಗಿ ಚಪ್ಪಟೆ ಜಲ್ಲಿಯಾದರೆ ಊಟ ಎಳೆಯುವ ಆ ಪಂಪ್‌ಸೆಟ್ಟೂ ನಿಲ್ಲುತ್ತದೆ, ಸ್ಪಂಜು, ಬ್ಯಾಕ್ಟೀರಿಯಾಗಳ ಚಕ್ರವೂ ಹರಿಯುತ್ತದೆ. ಲೊಫೇಲಿಯಾ ವರ್ಷಕ್ಕೆ ಬೆಳೆಯುವುದು ಕೆಲವು ಮಿಲಿಮೀಟರ್‌ನಿಂದ ಹೆಚ್ಚೆಂದರೆ ಎರಡು ಮೂರು ಸೆಂಟಿಮೀಟರ್.

ಕಾನೂನು ಇಲ್ಲದೇ ಇಲ್ಲ. ನಾರ್ವೆ 1999ರಲ್ಲೇ ಸೂಲಾ ದಿಬ್ಬದ ಸುತ್ತ ತಳದ ಟ್ರಾಲಿಂಗ್ ನಿಲ್ಲಿಸಿತು. ಸ್ಕಾಟ್‌ಲ್ಯಾಂಡ್ ವಾಯವ್ಯದ ಡಾರ್ವಿನ್ ಮೌಂಡ್ಸ್ 1998ರಲ್ಲಿ ಸಿಕ್ಕಿತು, ಸಿಗುವ ಹೊತ್ತಿಗೇ ಟ್ರಾಲರ್‌ಗಳ ಗೀರು ಬಿದ್ದಿತ್ತು, 2003ರಲ್ಲಿ ತುರ್ತಾಗಿ ಮುಚ್ಚಿದರು. ಐರೋಪ್ಯ ಒಕ್ಕೂಟ 2016ರಲ್ಲಿ 800 ಮೀಟರ್‌ಗಿಂತ ಕೆಳಗೆ ತಳದ ಟ್ರಾಲಿಂಗ್ ನಿಷೇಧಿಸಿತು, 2022ರಲ್ಲಿ 400ರಿಂದ 800 ಮೀಟರ್ ನಡುವಿನ 87 ಜಾಗಗಳನ್ನು ತಳದ ಮೀನುಗಾರಿಕೆಗೆ ಮುಚ್ಚಿತು. ಇವು ನಿಜವಾಗಿಯೂ ಒಳ್ಳೆ ಹೆಜ್ಜೆಗಳು, ಯಾಕೆಂದರೆ ಜಾಗವನ್ನೇ ಮುಚ್ಚಿದರೆ ಸತ್ತದ್ದು, ಬದುಕಿದ್ದು, ಲೋಳೆ, ಕೆಸರು ಎಲ್ಲವೂ ಉಳಿಯುತ್ತದೆ.

ಮುಚ್ಚದ ಜಾಗದಲ್ಲಿ ಮಾತ್ರ ತಕ್ಕಡಿ ನಿಯಮ. ಈಶಾನ್ಯ ಅಟ್ಲಾಂಟಿಕ್‌ನ ಅಂತರರಾಷ್ಟ್ರೀಯ ನೀರಿನಲ್ಲಿ ಮೀನುಗಾರಿಕೆ ನೋಡಿಕೊಳ್ಳುವ ನೀಯಫ್ಕ್ ಆಯೋಗದ ನಿಯಮದಲ್ಲಿ, ಟ್ರಾಲ್ ಬಲೆ ಒಂದು ಸಲ ಎಳೆದಾಗ 30 ಕಿಲೋಗಿಂತ ಜಾಸ್ತಿ ಜೀವಂತ ಹವಳ ಅಥವಾ 400 ಕಿಲೋಗಿಂತ ಜಾಸ್ತಿ ಜೀವಂತ ಸ್ಪಂಜು ಬಂದರೆ ಮೀನು ಹಿಡಿಯುವುದನ್ನು ನಿಲ್ಲಿಸಿ ಕನಿಷ್ಠ ಎರಡು ನಾಟಿಕಲ್ ಮೈಲಿ ದೂರ ಹೋಗಬೇಕು. 29 ಕಿಲೋ ಬಂದರೆ ಅಲ್ಲೇ ಮುಂದುವರಿಯಬಹುದು. ಮುರಿದದ್ದರಲ್ಲಿ ಬಹುಪಾಲು ಬಲೆಯ ಕಣ್ಣಲ್ಲಿ ಜಾರಿ ತಳದಲ್ಲೇ ಉಳಿಯುತ್ತದೆ, ಡೆಕ್‌ಗೆ ಬರುವುದೇ ಇಲ್ಲ. ಜೀವಂತ ಹವಳದ ಜೊತೆ ಡೆಕ್ ಮೇಲೆ ಸುರಿದ ಕಂದುಗಟ್ಟಿದ ಸತ್ತ ಕೊಂಬೆಗಳನ್ನು, ಪೊರೆ ಕಟ್ಟಿದ ಬ್ಯಾಕ್ಟೀರಿಯಾ, ಸಂದಿನ ಹೂಳು, ಹುಳ ಎಲ್ಲದರ ಸಮೇತ ಸಲಿಕೆಯಲ್ಲಿ ಬಾಚಿ ವಾಪಸ್ ಸಮುದ್ರಕ್ಕೆ ತಳ್ಳಬಹುದು. ಅದು ಒಂದು ಟನ್ ಇದ್ದರೂ ಆ 30 ಕಿಲೋ ಲೆಕ್ಕಕ್ಕೆ ಸೇರುವುದಿಲ್ಲ.